ಎರಡು ಬಟನ್, ನಾಲ್ಕು ಕೈ

ಕಟಿಂಗ್ ಮೆಷಿನ್ ನಡೆಸುತ್ತಿದ್ದ ಆ ಹುಡುಗಿಗೆ ಭಯ ಎಂಬುದೇ ಇರಲಿಲ್ಲ. ಹುಟ್ಟುವಾಗ ಎಲ್ಲರಿಗೂ ಒಂದೊಂದು ಚಿಟಿಕೆ ಹಾಕುತ್ತಾ ಬಂದ ದೇವರು, ಇವಳ ಸರದಿ ಬಂದಾಗ ಡಬ್ಬಿ ಖಾಲಿಯಾಯಿತೆಂದು ಕೈ ಕೊಡವಿ ಹೋಗಿದ್ದ. ಮಾರುದ್ದದ ಬ್ಲೇಡಿನ ಕೆಳಗೆ ಕೈ ಹಾಕಿ ಕಾಗದ ಸರಿಮಾಡುವಾಗ ಅವಳು ಆಕಳಿಸುತ್ತಿದ್ದಳು. ಅವಳು ಕತ್ತರಿಸಿದ ಪುಸ್ತಕದ ಅಂಚಿನ ಮೇಲೆ ಇರುವೆ ನಡೆದರೆ ಕಾಲು ಜಾರಿ ಬೀಳುತ್ತಿತ್ತು, ಅಷ್ಟು ನಯ. ಇದರಲ್ಲಿ ಕೂದಲೆಳೆಯಷ್ಟೂ ಉತ್ಪ್ರೇಕ್ಷೆಯಿಲ್ಲ. ಇದ್ದರೆ ಆ ಕೂದಲನ್ನು ಕೊಡಿ, ಉದ್ದಕ್ಕೆ ಸೀಳಿ ಎರಡು ಮಾಡಿಕೊಡುತ್ತಾಳೆ.

ಅಂಥವಳ ಎದೆಯೊಳಗೆ ಒಂದು ಬೆಳಿಗ್ಗೆ ಭಯ ಬಂದು ಕಾಲು ಚಾಚಿ ಕೂತಿತು. ತಂದು ಕೂರಿಸಿದವನು ಪ್ರೆಸ್ಸಿಗೆ ಆಗಷ್ಟೇ ಸೇರಿದ್ದ, ಯಾವ ಸ್ವಿಚ್ ಯಾವ ದೀಪದ್ದೆಂದು ಇನ್ನೂ ಗೊತ್ತಿಲ್ಲದ ಒಬ್ಬ ಆಪರೇಟರ್.

ಪ್ರೆಸ್ಸಿನ ಮುಂಭಾಗದಲ್ಲಿ ಗಾಜಿನ ಕೋಣೆ, ಅದರೊಳಗೆ ಅವನು ನಡೆಸಬೇಕಾದ ಹೊಸ ಡಿಜಿಟಲ್ ಆಫ್‌ಸೆಟ್ ಮೆಷಿನ್. ಹಿಂಭಾಗದಲ್ಲಿ ಬೈಂಡಿಂಗ್ ಹಾಲ್. ಮಡಿಸುವುದು, ಹೊಲಿಯುವುದು, ಅಂಟಿಸುವುದು, ಕತ್ತರಿಸುವುದು ಎಲ್ಲವೂ ಅಲ್ಲೇ. ಕಂಪ್ಯೂಟರಿನ ಫೈಲ್ ಮುಂಬಾಗಿಲಲ್ಲಿ ಒಳಗೆ ಹೋದರೆ ಹಿಂಬಾಗಿಲಲ್ಲಿ ಪುಸ್ತಕವಾಗಿ ಹೊರಗೆ ಬರುತ್ತದೆ, ಈ ಭೂಮಿಯ ಮೇಲೆ ಇಂಥ ಪ್ರೆಸ್ ಇನ್ನೊಂದಿಲ್ಲ ಎಂದು ಯಜಮಾನರು ಗಿರಾಕಿಗಳಿಗೆ ಹೇಳುತ್ತಿದ್ದರು. ಪಕ್ಕದ ಬೀದಿಯಲ್ಲೇ ಇನ್ನೊಂದಿತ್ತು. ಅದು ಬೇರೆ ಮಾತು.

ಕಟಿಂಗ್ ಮೆಷಿನ್ ಯಜಮಾನರಿಗಿಂತ ವಯಸ್ಸಿನಲ್ಲಿ ದೊಡ್ಡದು. ಹೊಸ ಮೆಷಿನ್‌ಗಳಿಗೆ ಕೈ ಕಂಡರೆ ಬ್ಲೇಡನ್ನು ತಾನಾಗಿ ನಿಲ್ಲಿಸುವ ಕಣ್ಣಿರುತ್ತದೆ. ಇದು ಕುರುಡು ಮುದುಕ. ಕಾಲಿನ ಪೆಡಲ್ ಒತ್ತಿದರೆ ಕಾಗದವನ್ನು ಅದುಮಿ ಹಿಡಿಯುವ ಕಬ್ಬಿಣದ ಪಟ್ಟಿ ಮಾತ್ರ ಮೆಲ್ಲಗೆ ಇಳಿಯುತ್ತದೆ. ಬ್ಲೇಡ್ ಇಳಿಯಬೇಕಾದರೆ ಮೇಜಿನ ಆ ತುದಿಗೊಂದು ಈ ತುದಿಗೊಂದು ಇರುವ ಬಟನ್‌ಗಳೆರಡನ್ನೂ ಒಟ್ಟಿಗೆ ಒತ್ತಿ ಹಿಡಿದಿರಬೇಕು. ಒಂದನ್ನು ಬಿಟ್ಟರೂ ಬ್ಲೇಡ್ ಇದ್ದಲ್ಲೇ ನಿಲ್ಲುತ್ತದೆ. ಎರಡೂ ಕೈ ಬಟನ್ ಮೇಲಿದ್ದರೆ ಬ್ಲೇಡಿನ ಕೆಳಗಿಡಲು ಮೂರನೆಯ ಕೈ ಯಾರಿಗೂ ಇರುವುದಿಲ್ಲ ಎಂಬುದು ಅದನ್ನು ಕಟ್ಟಿದವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು, ಮೆಷಿನ್ ಮುಂದೆ ಒಬ್ಬರೇ ಇರುವ ತನಕ.

ಆ ಬೆಳಿಗ್ಗೆ ಅವಳು ಪೆಡಲ್ ಒತ್ತಿ, ಪಟ್ಟಿಯನ್ನು ಅರ್ಧಕ್ಕೆ ಇಳಿಸುತ್ತಾ, ಅದರ ಕೆಳಗೆ ಕೈಯಿಟ್ಟು ಕಾಗದದ ಗೆರೆ ನೋಡುತ್ತಿದ್ದಳು. ದಿನಕ್ಕೆ ಲಕ್ಷ ಸಲ ಮಾಡುವ ಕೆಲಸ. ಹೊಸ ಆಪರೇಟರ್ ತೋಳ ತುಂಬ ಶೀಟ್ ಹೊತ್ತು ಬಂದವನು, ಕಬ್ಬಿಣ ಇಳಿಯುವುದನ್ನೂ ಅದರ ಕೆಳಗೆ ಒಂದು ಕೈ ಇರುವುದನ್ನೂ ಒಟ್ಟಿಗೆ ನೋಡಿದ.

"ಕೈ ತೆಗೀರಿ."

ಅದು ಮಾತಲ್ಲ, ಸಿಡಿಲು. ಗೋಡೆಯ ಗಡಿಯಾರ ಒಂದು ಟಿಕ್ ನುಂಗಿಕೊಂಡಿತು. ಅವನ ತೋಳಿನಿಂದ ಶೀಟ್‌ಗಳು ಜಾರಿ ಹಾಲಿನ ತುಂಬ ಹಾರಿದವು.

ಅವಳು ಕೈ ತೆಗೆಯಲಿಲ್ಲ. ಇಳಿದದ್ದು ಬ್ಲೇಡ್ ಅಲ್ಲವೆಂದು ಎಲ್ಲರೆದುರು ತೋರಿಸಿದಳು. ಇನ್ನೊಮ್ಮೆ ತನ್ನ ಮೆಷಿನ್ ಹತ್ತಿರ ಕೂಗಿದರೆ ಅವನನ್ನೇ ಅಳತೆಗೆ ತಕ್ಕಂತೆ ಕತ್ತರಿಸಿ ಪ್ಯಾಕ್ ಮಾಡಿಸುವುದಾಗಿ ಹೇಳಿ, ಬಿದ್ದ ಕಾಗದ ಆರಿಸುವ ಕೆಲಸವನ್ನು ಅವನಿಗೇ ಒಪ್ಪಿಸಿದಳು. ಇಡೀ ಹಾಲ್ ನಕ್ಕಿತು.

ಅವನು ನಗಲಿಲ್ಲ. ಮಂಡಿಯೂರಿ ಶೀಟ್ ಆರಿಸುತ್ತಾ ಒಮ್ಮೆ ತಲೆಯೆತ್ತಿದ. ಮುಖ ಸುಣ್ಣದಂತಾಗಿತ್ತು. ನೋಡಿದ್ದು ಅವಳ ಮುಖವನ್ನಲ್ಲ, ಕೈಯನ್ನು. ಹೆಬ್ಬೆರಳಿನಿಂದ ಕಿರುಬೆರಳಿನ ತನಕ ಒಂದೊಂದನ್ನೇ ನಿಧಾನವಾಗಿ, ಎಲ್ಲವೂ ಇದ್ದಲ್ಲೇ ಇವೆಯೆಂದು ಖಾತ್ರಿಯಾಗುವ ತನಕ ನೋಡಿದ. ಆ ನೋಟ ಉಂಗುರದ ಹಾಗೆ ಬೆರಳು ಬೆರಳಿಗೂ ತಣ್ಣಗೆ ತಾಗಿತು.

ಅವಳು ತಿರುಗಿ ಮೆಷಿನ್ ಮುಂದೆ ನಿಂತು ಎರಡೂ ಬಟನ್ ಮೇಲೆ ಕೈಯಿಟ್ಟಳು.

ಕೈ ಒತ್ತಲಿಲ್ಲ.

*

ಭಯ ಒಂಟಿಯಾಗಿ ಬಂದಿರಲಿಲ್ಲ, ಸಂಸಾರ ಸಮೇತ ಬಂದಿತ್ತು. ಅಂಗೈಯಲ್ಲಿ ಬೆವರು, ಗಂಟಲಲ್ಲಿ ಮರಳುಗಾಡು, ಕಿವಿಯಲ್ಲಿ ಜೀರುಂಡೆ. ಎದೆಯಂತೂ ಪುಸ್ತಕ ಮಡಿಸುವ ಮೆಷಿನ್ನಿಗಿಂತ ಜೋರಾಗಿ ಬಡಿಯುತ್ತಿತ್ತು. ಪಕ್ಕದಲ್ಲಿ ನಿಂತವರು ಅದನ್ನು ಕೇಳಿ ಯಾವುದೋ ಬೇರಿಂಗ್ ಹೋಗಿದೆಯೆಂದು ಎಣ್ಣೆ ಡಬ್ಬಿ ತರುತ್ತಿದ್ದರು.

ಬ್ಲೇಡಿನ ಕೆಳಗೆ ಅವಳಿಗೆ ಈಗ ಕಾಗದ ಕಾಣುತ್ತಿರಲಿಲ್ಲ. ತನ್ನ ಕೈ ಕಾಣುತ್ತಿತ್ತು. ಬಟನ್ ಮೇಲಿದ್ದ ಕೈ ಒಂದು, ಬ್ಲೇಡಿನ ಕೆಳಗೆ ಕಾಣುವ ಕೈ ಇನ್ನೊಂದು. ಒಂದು ಸಲ ಒತ್ತುವುದಕ್ಕೆ ಹತ್ತು ಸಲ ಬಗ್ಗಿ ನೋಡುವಳು. ಒತ್ತಿ, ಬ್ಲೇಡ್ ಧಡ್ ಎಂದು ಬಿದ್ದ ಮೇಲೆ ಕಣ್ಣು ಮುಚ್ಚಿಕೊಂಡೇ ಬೆರಳುಗಳನ್ನು ಮಡಿಸಿ ಬಿಡಿಸಿ ಪರೀಕ್ಷಿಸುವಳು.

ವಿಚಿತ್ರವೆಂದರೆ ಈ ಕಾಯಿಲೆ ಮೆಷಿನ್ ಹತ್ತಿರ ಹೋದಾಗಷ್ಟೇ ಬರುತ್ತಿತ್ತೆಂದಲ್ಲ. ಗಾಜಿನ ಕೋಣೆಯ ಬಾಗಿಲು ಕಿರ್ರೆಂದರೆ ಬರುತ್ತಿತ್ತು. ಅವನ ಚಪ್ಪಲಿ ಸದ್ದಿಗೆ ಬರುತ್ತಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗ, ತಲೆ ಬಾಚುವಾಗ, ಬಸ್ಸಿನ ಕಿಟಕಿಯಲ್ಲಿ ಅವನದರಂಥ ನೀಲಿ ಶರ್ಟೊಂದು ಕಂಡಾಗಲೂ ಬರುತ್ತಿತ್ತು. ಬ್ಲೇಡಿನ ಭಯ ಇಷ್ಟು ದೂರ ಹಬ್ಬಿತಲ್ಲ ಎಂದು ಅವಳು ಕಂಗಾಲಾದಳು. ಪಾಪ, ಕಾಗದದ ದಪ್ಪವನ್ನು ಬೆರಳಲ್ಲೇ ಹೇಳಬಲ್ಲವಳು, ಇದೊಂದನ್ನು ಅಳೆಯಲು ಸೋತಳು.

ಬೈಂಡಿಂಗ್ ಹಾಲಿನ ತುದಿಯಲ್ಲಿ ಪುಸ್ತಕ ಹೊಲಿಯುವ ಮೇಜು. ಅಲ್ಲಿ ಕೂರುತ್ತಿದ್ದವರು ಅವಳ ಚಿಕ್ಕಮ್ಮ. ಅವಳನ್ನು ಸಾಕಿದ್ದೂ ಅವರೇ, ಈ ಕೆಲಸಕ್ಕೆ ಸೇರಿಸಿದ್ದೂ ಅವರೇ. ಅವರ ಸೂಜಿ ಎಷ್ಟು ಚೂಪೋ ನಾಲಿಗೆ ಅದಕ್ಕಿಂತ ಒಂದು ನಂಬರ್ ಹೆಚ್ಚು ಚೂಪು. ಮೊದಲು ರಕ್ತ ಕಮ್ಮಿ ಎಂದರು, ಆಮೇಲೆ ನಿದ್ದೆ ಕಮ್ಮಿ ಎಂದರು, ಯಾವುದಕ್ಕೂ ಇರಲಿ ಎಂದು ಬುದ್ಧಿಯನ್ನೂ ಆ ಸಾಲಿಗೆ ಸೇರಿಸಿದರು. ಗಾಜಿನ ಕೋಣೆಯವನಿಗೆ 'ಎಸಿ ಅಳಿಯ' ಎಂದು ಹೆಸರಿಟ್ಟದ್ದೂ ಅವರೇ. ಹಬೆಯಾಡುವ ಗಮ್ಮಿನ ವಾಸನೆಯಲ್ಲಿ ನಾವೆಲ್ಲ ಬೇಯುತ್ತಿದ್ದರೆ ಅವನೊಬ್ಬ ಮಾವನ ಮನೆಗೆ ಬಂದ ಅಳಿಯನಂತೆ ತಂಪಾಗಿ ಕೂತಿರುತ್ತಾನೆ ಎಂಬುದು ಅವರ ದೂರು.

ಆ ಅಳಿಯ ತಂಪಾಗಿ ಕೂತಿದ್ದರೆ ತಾಪತ್ರಯವೇ ಇರುತ್ತಿರಲಿಲ್ಲ. ಅವನು ಕೂರುತ್ತಲೇ ಇರಲಿಲ್ಲ. ಶೀಟ್ ಸಾಗಿಸಲು ಟ್ರಾಲಿ ಇತ್ತು, ಆದರೂ ತೋಳಲ್ಲಿ ಹೊತ್ತು ತರುತ್ತಿದ್ದ. ಒಂದು ಕಂತೆಯನ್ನು ನಾಲ್ಕು ಮಾಡಿ ನಾಲ್ಕು ಸಲ ತರುತ್ತಿದ್ದ. ಮೆಷಿನ್ನಿಂದ ಬಿಸಿಬಿಸಿಯಾಗಿ ಬಂದ ಆ ಶೀಟ್‌ಗಳಲ್ಲಿ ಕರೆಂಟ್ ತುಂಬಿರುತ್ತಿತ್ತು. ಅವಳು ಕೈಚಾಚಿ ತೆಗೆದುಕೊಳ್ಳುವಾಗ ಇಬ್ಬರ ಬೆರಳುಗಳ ನಡುವೆ ಚಟ್ಟೆಂದು ಕಿಡಿ ಹಾರುತ್ತಿತ್ತು. ಸಣ್ಣ ಕಿಡಿಯಲ್ಲ, ಬೀದಿಯ ಅರ್ಧ ದೀಪಗಳು ಆ ಹೊತ್ತಿಗೆ ಮಂಕಾಗುತ್ತಿದ್ದವೆಂದು ಹೇಳುವವರಿದ್ದಾರೆ.

ಇಬ್ಬರೂ ಹಾರಿಬೀಳುವರು. ಒಣ ಹವೆಗೆ ಹೀಗಾಗುತ್ತದೆ, ಟ್ರಾಲಿಯ ಮೇಲೆ ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಇಳಿಯುತ್ತದೆ ಎಂದು ಅವನು ವಿವರಿಸುವನು. ಹಾಗಾದರೆ ಟ್ರಾಲಿಯಲ್ಲೇ ತರಬಹುದಲ್ಲ ಎಂದು ಅವಳು ಕೇಳಿದರೆ ಅವನ ಕಿವಿಗಳು ಮೆಜೆಂಟಾ ಶಾಯಿಯ ಕಡುಗುಲಾಬಿ ಬಣ್ಣಕ್ಕೆ ತಿರುಗುವವು. ಆ ಬಣ್ಣವನ್ನು ಯಾವ ಮೆಷಿನ್ನೂ ಅಷ್ಟು ಶುದ್ಧವಾಗಿ ಅಚ್ಚು ಹಾಕಲಾರದು.

ಇನ್ನೊಂದು ಸಂಗತಿ ಅವಳನ್ನು ಹೆದರಿಸಿತ್ತು. ಪ್ರೆಸ್ಸಿಗೆ ಪ್ರೆಸ್ಸೇ ಅವಳನ್ನು ಅಕ್ಕ ಎನ್ನುತ್ತಿತ್ತು. ಅವಳ ಅಪ್ಪನ ವಯಸ್ಸಿನ ಡ್ರೈವರ್ ಅಕ್ಕ ಎನ್ನುತ್ತಿದ್ದ, ಯಜಮಾನರು ಸಿಟ್ಟು ಬಂದಾಗಲೂ ಅಕ್ಕ ಎಂದೇ ಬಯ್ಯುತ್ತಿದ್ದರು. ಇವನು ಮಾತ್ರ ಏನೂ ಎನ್ನುತ್ತಿರಲಿಲ್ಲ. ಕಂಡವರನ್ನೆಲ್ಲ ಅಣ್ಣ, ಚಿಕ್ಕಮ್ಮ, ಮಾವ ಎಂದು ಬಾಯಿ ತುಂಬ ಕರೆಯುವವನು ಅವಳ ಹತ್ತಿರ ಬಂದರೆ "ಅದೂ… ಇದು…" ಎಂದು ಗಾಳಿಯನ್ನು ಮಾತಾಡಿಸುತ್ತಿದ್ದ. ಒಂದು ಮಧ್ಯಾಹ್ನ ಅವಳಿಗೆ ತಡೆಯಲಾಗಲಿಲ್ಲ.

"ನನ್ನನ್ನ ಅಕ್ಕ ಅನ್ನೋಕೆ ನಿಮಗೇನು ಕಷ್ಟ?"

ಅವನು ಕೈಯಲ್ಲಿದ್ದ ಶೀಟ್‌ಗಳ ಅಂಚನ್ನು ಸಮ ಮಾಡಿದ. ಸಮವಾಗಿದ್ದದ್ದನ್ನೇ ಇನ್ನೊಮ್ಮೆ ಸಮ ಮಾಡಿದ.

"ಅನ್ನೋಕೆ ಕಷ್ಟ ಇಲ್ಲ. ಆಮೇಲೆ ವಾಪಸ್ ತಗೊಳ್ಳೋಕೆ ಆಗಲ್ಲ."

ಅಷ್ಟು ಹೇಳಿ ಹೊರಟುಹೋದ. ಅವಳು ಬಟನ್ ಮೇಲೆ ಕೈಯಿಟ್ಟಳು. ಆ ಸಂಜೆಯ ತನಕ ಬ್ಲೇಡ್ ಒಂದೇ ಒಂದು ಸಲವೂ ಇಳಿಯಲಿಲ್ಲ.

*

ಕತ್ತರಿಸದೆ ಉಳಿದ ಕಾಗದ ಬೆಳೆಯುತ್ತ ಹೋಯಿತು. ಮೊದಲು ಮಂಡಿಯೆತ್ತರ, ಆಮೇಲೆ ಸೊಂಟದೆತ್ತರ, ಇನ್ನೊಂದು ವಾರ ಬಿಟ್ಟಿದ್ದರೆ ಮೋಡ ಮುಟ್ಟುತ್ತಿತ್ತು.

ಯಜಮಾನರು ಕೂಗಾಡುವವರಲ್ಲ, ಅದೇ ಭಯ. ಒಂದು ಬೆಳಿಗ್ಗೆ ಬಂದು ಮೆಷಿನ್ನಿನ ಬೆನ್ನು ಸವರುತ್ತಾ ನಿಂತರು. ಮ್ಯೂಸಿಯಂ ಒಂದರ ಹಕ್ಕಿಗಳ ಪುಸ್ತಕ ಬಂದಿದೆ, ಪುಟಪುಟಕ್ಕೂ ಬಣ್ಣ, ಅಂಚು ಒಂದು ಕೂದಲು ಆಚೀಚೆಯಾದರೂ ಹಕ್ಕಿಯ ರೆಕ್ಕೆ ಹೋಗುತ್ತದೆ ಎಂದರು. ಪಕ್ಕದ ಬೀದಿಯ ಪ್ರೆಸ್ಸಿನವರು ಕಟಿಂಗ್ ತಾವು ಮಾಡಿಕೊಡುತ್ತೇವೆ ಎಂದು ಹೇಳಿಕಳಿಸಿದ್ದಾರೆ. ಈ ಪುಸ್ತಕವನ್ನು ಇಲ್ಲಿ ಕತ್ತರಿಸಲು ಆಗದಿದ್ದರೆ ಇನ್ನು ಎಲ್ಲವನ್ನೂ ಅಲ್ಲಿಗೇ ಕಳಿಸುವುದು, ಈ ಮುದುಕನನ್ನು ಗುಜರಿಗೆ ಹಾಕುವುದು, ಅವಳು ಪ್ಯಾಕಿಂಗ್ ಮೇಜಿಗೆ ಹೋಗುವುದು. ಇಷ್ಟನ್ನೂ ಅವರು ಮೆಷಿನ್ನಿಗೇ ಹೇಳಿದರು, ಅವಳ ಕಡೆ ನೋಡಲಿಲ್ಲ.

ಹೆಂಗಸರ ಕೈಗೆ ಬ್ಲೇಡ್ ಕೊಡುತ್ತಾರೇನು ಎಂದು ಹತ್ತು ಬಾಯಿ ಆಡಿದ್ದ ಕಾಲದಲ್ಲಿ ಅವಳು ಗೆದ್ದುಕೊಂಡ ಮೆಷಿನ್ ಅದು. ಅದರ ಮುಂದೆ ನಿಂತಾಗ ಅವಳು ಯಾರ ಮಗಳೂ ಅಲ್ಲ, ಯಾರ ಸಾಕುಕೂಸೂ ಅಲ್ಲ, ಕಟಿಂಗ್ ಅಕ್ಕ. ಟೇಪ್ ಅಂಟಿಸಿ ಡಬ್ಬ ಮುಚ್ಚುವ ಮೇಜಿನ ಮುಂದೆ ತನ್ನನ್ನು ಊಹಿಸಿಕೊಂಡಾಗ ಅವಳ ಕಾಲಿನ ಕೆಳಗಿನ ನೆಲ ಜರುಗಿತು.

ಅವಳು ನೇರ ಕಾಗದದ ಗೋದಾಮಿಗೆ ನಡೆದಳು. ಅವನು ಅಲ್ಲಿ ಪುಸ್ತಕದ ಕವರಿಗೆ ದಪ್ಪ ಕಾಗದ ಆರಿಸುತ್ತಿದ್ದ. ಎರಡು ಸಾಲು ಕಟ್ಟುಗಳ ನಡುವೆ ಒಬ್ಬರೇ ನಿಲ್ಲುವಷ್ಟು ಜಾಗ. ಅವಳೂ ನುಗ್ಗಿದಳು.

"ಆವತ್ತು ಕೂಗಿ ನನ್ನೊಳಗೆ ಭಯ ಹಾಕಿದ್ದು ನೀವು. ಈಗ ನೀವೇ ತೆಗೀಬೇಕು."

"ಹೇಗೆ ತೆಗೀಲಿ? ನನ್ನೊಳಗಿಂದಾನೇ ಇನ್ನೂ ಹೋಗಿಲ್ಲ."

ಅವನ ದನಿ ಗೋದಾಮಿನ ಧೂಳಿನಷ್ಟು ಮೆಲ್ಲಗಿತ್ತು. ಆಮೇಲೆ ತಡವರಿಸುತ್ತಾ ಹೇಳಿದ್ದು ಇಷ್ಟು: ಅವಳ ಬ್ಲೇಡ್ ಬಿದ್ದ ಸದ್ದು ಗಾಜು ದಾಟಿ ಅವನಿಗೆ ಕೇಳುತ್ತದೆ. ಒಂದು ಧಡ್ ಕೇಳಿದರೆ ಅವನು ಉಸಿರು ಹಿಡಿಯುತ್ತಾನೆ. ಇನ್ನೊಂದು ಧಡ್ ಕೇಳಿದರೆ ಅವಳ ಎರಡೂ ಕೈ ನೆಟ್ಟಗಿವೆ ಎಂದು ಉಸಿರು ಬಿಡುತ್ತಾನೆ. ಎರಡನೆಯದು ಬರದಿದ್ದರೆ ಕೂರಲಾಗುವುದಿಲ್ಲ, ಸಿಕ್ಕಷ್ಟು ಶೀಟ್ ಬಾಚಿಕೊಂಡು ಓಡಿ ಬರುತ್ತಾನೆ.

ಅವಳು ಲೆಕ್ಕ ಹಾಕಿದಳು. ತನಗೆ ಭಯವಾದರೆ ಬ್ಲೇಡ್ ನಿಲ್ಲುತ್ತದೆ. ಬ್ಲೇಡ್ ನಿಂತರೆ ಇವನಿಗೆ ಭಯವಾಗಿ ಓಡಿ ಬರುತ್ತಾನೆ. ಇವನು ಬಂದರೆ ತನಗೆ ಇನ್ನೂ ಭಯ. ಹೀಗೆ ಇಬ್ಬರೂ ಸೇರಿ ಪ್ರಪಂಚದಲ್ಲೇ ಮೊದಲ, ಎಂದೂ ನಿಲ್ಲದ ಮೆಷಿನ್ನೊಂದನ್ನು ಕಂಡುಹಿಡಿದಿದ್ದರು.

ಬರುವುದನ್ನು ನಿಲ್ಲಿಸಿ ಎಂದು ಹೇಳಲೆಂದೇ ಅವಳು ಬಂದಿದ್ದಳು. ಬಾಯಿ ತೆರೆದಳು. ಅವನ ರೆಪ್ಪೆಯ ಮೇಲೆ ಕಾಗದದ ಸಣ್ಣ ಎಳೆಯೊಂದು ಕೂತಿತ್ತು, ಅವನು ಮಿಟುಕಿಸಿದರೂ ಬೀಳಲಿಲ್ಲ. ಅದನ್ನು ನೋಡುತ್ತಾ ಹೇಳಬೇಕಾದದ್ದು ಮರೆತು ಹೊರಗೆ ಬಂದಳು.

*

ಹಕ್ಕಿಗಳು ಅಚ್ಚಾದವು. ಹಾಳೆಗಳು ಮಡಿಸಿಕೊಂಡವು, ಬೆನ್ನಿಗೆ ಬಿಸಿ ಗಮ್ ಬಿತ್ತು, ಹೊಳೆಯುವ ಕವರ್ ಕೂತಿತು. ಉಳಿದದ್ದು ಮೂರು ಕಡೆಯ ಅಂಚು ಕತ್ತರಿಸುವುದೊಂದೇ. ಸಂಜೆ ವ್ಯಾನ್ ಬರುತ್ತದೆ ಎಂದು ಹೇಳಿ ಯಜಮಾನರು ಮ್ಯೂಸಿಯಮ್ಮಿನವರನ್ನು ಕಾಣಲು ಹೋದರು. ಚಿಕ್ಕಮ್ಮ ಮತ್ತು ಉಳಿದವರು ಹಾಲಿನ ಆ ತುದಿಯಲ್ಲಿ ಹೊಲಿಗೆ ಮೇಜಿನ ಸುತ್ತ ಇದ್ದರು.

ಅವಳು ಮೊದಲ ಕಂತೆ ಇಟ್ಟಳು. ಪೆಡಲ್ ಒತ್ತಿದಳು, ಪಟ್ಟಿ ಇಳಿಯಿತು. ಎರಡೂ ಬಟನ್ ಮೇಲೆ ಕೈಯಿಟ್ಟಳು. ಬಲಗೈ ಒತ್ತಿತು, ಎಡಗೈ ಕಲ್ಲಾಯಿತು. ಎಡಗೈಯನ್ನು ಬಯ್ದು ಒಪ್ಪಿಸುವಷ್ಟರಲ್ಲಿ ಬಲಗೈ ಮುನಿಸಿಕೊಂಡಿತು. ಹಣೆಯಿಂದ ಬೆವರು ಇಳಿದು ಕವರಿನ ಮೇಲಿದ್ದ ಕೊಕ್ಕರೆಯ ಮೇಲೆ ಬೀಳಲಿತ್ತು, ತೋಳಿನಿಂದ ಒರೆಸಿಕೊಂಡಳು. ಕಣ್ಣು ಒದ್ದೆಯಾದದ್ದನ್ನು ಒರೆಸಿಕೊಳ್ಳಲಿಲ್ಲ.

ಧಡ್ ಕೇಳಿಸದಿದ್ದುದಕ್ಕೆ ಅವನು ಬಂದ. ಈ ಸಲ ಶೀಟ್‌ಗಳೂ ಇರಲಿಲ್ಲ, ಖಾಲಿ ಕೈ. ಮೆಷಿನ್ ಸುತ್ತ ನೆಲಕ್ಕೆ ಬಳಿದ ಹಳದಿ ಗೆರೆಯ ಆಚೆ ನಿಂತು ಬಹಳ ಹೊತ್ತು ನೋಡಿದ.

"ಒಂದು ಬಟನ್ ನಾನು ಒತ್ತಲಾ?"

ಒಂದು ಮೆಷಿನ್ನಿಗೆ ಒಬ್ಬರೇ ಎಂಬುದು ಬ್ಲೇಡಿನಷ್ಟೇ ಹಳೆಯ ನಿಯಮ. ಅದನ್ನು ಅವಳು ಎಲ್ಲರಿಗೂ ಬೈದು ಕಲಿಸಿದ್ದಳು. ಯಜಮಾನರ ಭಾವಮೈದುನ ತಮಾಷೆಗೆ ಬಟನ್ ಮುಟ್ಟಿದ್ದಕ್ಕೆ ರಟ್ಟೆ ಹಿಡಿದು ಗೆರೆಯಾಚೆ ಬಿಟ್ಟಿದ್ದಳು. ಅದೆಲ್ಲ ನೆನಪಾಯಿತು. ನೆನಪಾಗಿಯೂ, ಆ ಮುಖ ನೋಡಿ, "ಹ್ಞೂಂ" ಎಂದಳು.

ಎಡಗಡೆಯ ಬಟನ್ ಅವನದು, ಬಲಗಡೆಯದು ಅವಳದು. ಅವನು ಅವಳ ಕಣ್ಣು ನೋಡಿದ, ಅವಳು ಅವನದು. ರೆಪ್ಪೆಯಲ್ಲೇ ಸನ್ನೆಯಾಯಿತು. ಒತ್ತಿದರು.

ಧಡ್.

ಎಷ್ಟು ದಿನಗಳ ಮೇಲೆ. ಅಂಚಿನ ಚೂರುಗಳು ಆಕಾಶದ ನೀಲಿ, ಎಲೆಯ ಹಸಿರು, ಗಿಣಿಯ ಕೆಂಪು ಬಣ್ಣದ ದಾರಗಳಾಗಿ ಅವರ ಪಾದದ ಮೇಲೆ ಉದುರಿದವು. ಕಂತೆ ತಿರುಗಿಸಿದಳು. ಮತ್ತೆ ನೋಟ, ಮತ್ತೆ ಸನ್ನೆ, ಮತ್ತೆ ಧಡ್. ಪುಸ್ತಕಗಳು ಕನ್ನಡಿಯಂಥ ಅಂಚು ಹೊತ್ತು ಒಂದರ ಮೇಲೊಂದು ಏರಿದವು. ಪ್ರಪಂಚ ಹುಟ್ಟಿದಂದಿನಿಂದ ಯಾರೂ ಇಷ್ಟು ಚೆಂದವಾಗಿ ಕಾಗದ ಕತ್ತರಿಸಿರಲಿಲ್ಲ, ಇಷ್ಟು ಮೂರ್ಖತನದಿಂದಲೂ. ಅವಳೊಳಗಿನ ಭಯ ಎದ್ದು, ಬಾಗಿಲ ತನಕ ಹೋಗಿ, ಚಪ್ಪಲಿ ಹುಡುಕುತ್ತಿತ್ತು.

ಇಬ್ಬರಲ್ಲಿ ಯಾರೂ ಬ್ಲೇಡನ್ನು ನೋಡುತ್ತಿರಲಿಲ್ಲ. ಎರಡು ಕೈ ಬಟನ್ ಮೇಲಿದ್ದರೆ ಇನ್ನೂ ಎರಡು ಖಾಲಿ ಉಳಿಯುತ್ತವೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಮುಂದಿನ ಕಂತೆಯ ಮೇಲಿನ ಕವರ್ ಮೂಲೆಯಲ್ಲಿ ಸುರುಳಿಯಾಗಿ ಎದ್ದಿತು. ಡಿಜಿಟಲ್ ಮೆಷಿನ್ನಿನ ಬಿಸಿಗೆ ಕಾಗದ ಹಾಗೆ ಏಳುತ್ತದೆ. ದಿನವಿಡೀ ಮೆಷಿನ್ ಬಾಯಲ್ಲಿ ನಿಂತು ಎದ್ದ ಮೂಲೆಗಳನ್ನು ಸವರಿ ಮಲಗಿಸುವುದು ಅವನ ಕೈಗೆ ಅಂಟಿದ ಅಭ್ಯಾಸ. ಅದಕ್ಕೆ ಅವನ ಅಪ್ಪಣೆ ಬೇಕಿರಲಿಲ್ಲ. ಅವನ ಎಡಗೈ ಬಟನ್ ಒತ್ತಿತು, ಕಣ್ಣು ಅವಳಲ್ಲಿತ್ತು, ಬಲಗೈ ತಾನಾಗಿಯೇ, ಮಗುವಿನ ಹಣೆಯ ಕೂದಲು ಸರಿಸುವ ಹಾಗೆ, ಮೂಲೆ ಸವರಲು ಬ್ಲೇಡಿನ ಕೆಳಗೆ ಹೋಯಿತು.

ಅವಳು ಕಂಡಳು.

ಆ ಒಂದು ಕ್ಷಣ ಒಂದು ಯುಗದಷ್ಟು ಉದ್ದವಿತ್ತು. ಬ್ಲೇಡಿನ ಅಂಚಿನ ಮೇಲೆ ಬೆಳಕು ಜಾರುವುದು ಕಂಡಿತು. ಅವನ ಉಗುರಿನ ಬಿಳಿಯ ಅರ್ಧಚಂದ್ರ ಕಂಡಿತು. ತನ್ನ ಕೈ ಬಟನ್ನಿಂದ ಕಿತ್ತುಕೊಂಡದ್ದು ಮಾತ್ರ ಅವಳಿಗೆ ತಿಳಿಯಲಿಲ್ಲ. ತಿಳಿದದ್ದು ಗಂಟಲು ಹರಿದುಕೊಂಡು ಬಂದ ಸದ್ದು.

"ಕೈ ತೆಗೀರಿ."

ಬ್ಲೇಡ್ ನಿಂತಿತು. ಅದಕ್ಕೂ ಅವನ ಬೆರಳಿಗೂ ನಡುವೆ ಇದ್ದ ಜಾಗದಲ್ಲಿ ಒಂದು ಹಾಳೆ ತೂರಿಸಬಹುದಿತ್ತೇನೋ. ಎರಡು ಹಾಳೆ ತೂರುತ್ತಿರಲಿಲ್ಲ. ಅವನು ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು, ಅದು ಬೇರೆ ಯಾರದೋ ಕೈಯೆಂಬಂತೆ ನೋಡಿದ.

ಆ ತುದಿಯಿಂದ ಚಿಕ್ಕಮ್ಮ ಏನಾಯಿತೆಂದು ಕೂಗಿ ಕೇಳಿದರು. ಕಂತೆ ಜಾರಿತು ಎಂದಳು. ಚಿಕ್ಕಮ್ಮ ಸೂಜಿ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಇಬ್ಬರನ್ನೂ ಒಂದು ಸಲ ಅಳೆದು ಹೊಲಿಗೆಗೆ ತಿರುಗಿದರು.

ಅವಳು ಮೆಷಿನ್ನಿಂದ ಹಿಂದೆ ಸರಿದಳು. ಬಣ್ಣದ ಚೂರುಗಳ ಮೇಲೆ ಕೂತುಬಿಟ್ಟಳು. ಕಿವಿಯಲ್ಲಿ ತನ್ನ ಕೂಗೇ ಮೊಳಗುತ್ತಿತ್ತು. ಅದರಲ್ಲಿ ಬುದ್ಧಿವಾದ ಇರಲಿಲ್ಲ, ದರ್ಪ ಇರಲಿಲ್ಲ, ಅವಮಾನ ಮಾಡುವ ಆಸೆ ಇರಲಿಲ್ಲ. ಅದರಲ್ಲಿ ಇದ್ದದ್ದು ಒಂದೇ. ಆ ಒಂದು ಏನೆಂದು ಅವಳಿಗೆ ಈಗ ಚೆನ್ನಾಗಿ ಗೊತ್ತಿತ್ತು. ಹಾಗಾದರೆ ಆವತ್ತು, ಹೆಸರೂ ಗೊತ್ತಿಲ್ಲದ ಒಬ್ಬಳ ಕೈ ನೋಡಿ, ಇವನು…

ಇಷ್ಟು ದಿನ ಎರಡು ಭಯಗಳು ಒಂದೇ ಕುರ್ಚಿಯಲ್ಲಿ ಒತ್ತಿಕೊಂಡು ಕೂತಿದ್ದವು. ಈಗ ಬೇರೆಬೇರೆಯಾಗಿ ಎದ್ದು ನಿಂತವು. ಒಂದು ಬ್ಲೇಡಿನದು. ಅದು ಇರಬೇಕಾದದ್ದೇ, ಇಷ್ಟು ವರ್ಷ ಇಲ್ಲದೆ ಉಳಿದದ್ದು ಅವಳ ಅದೃಷ್ಟ. ಇನ್ನೊಂದಕ್ಕೂ ಬ್ಲೇಡಿಗೂ ಯಾವ ಸಂಬಂಧವೂ ಇರಲಿಲ್ಲ. ಅದು ನೀಲಿ ಶರ್ಟ್ ಹಾಕಿಕೊಂಡು ಎದುರಿಗೆ ಮಂಡಿಯೂರಿ ಕೂತು, ನೀರು ತರಲೇ ಎಂದು ಕೇಳುತ್ತಿತ್ತು.

ಬೇಡ ಎಂದು ಎದ್ದಳು. ಅವನ ತೋಳು ಹಿಡಿದು ನಡೆಸಿಕೊಂಡು ಹೋಗಿ ಹಳದಿ ಗೆರೆಯ ಆಚೆ ನಿಲ್ಲಿಸಿದಳು. ಹಿಡಿದ ತೋಳನ್ನು ಬಿಡಲು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡಳು.

"ಇನ್ನು ಈ ಗೆರೆ ದಾಟಬೇಡಿ."

"ನಿಮ್ಮ ಕೈ ನಡುಗ್ತಿದೆ."

"ನಡುಗ್ಲಿ. ಎರಡೂ ಬಟನ್ ಮೇಲೇ ನಡುಗ್ಲಿ."

ಮೆಷಿನ್ ಮುಂದೆ ನಿಂತಳು. ಪ್ರತಿ ಕಂತೆಗೂ ಹೆದರಿದಳು. ಬಗ್ಗಿ ನೋಡಿದಳು, ಉಸಿರು ಬಿಗಿಹಿಡಿದಳು, ನಡುಗುವ ಕೈಗಳೆರಡನ್ನೂ ಬಟನ್ ಮೇಲೆ ಒತ್ತಿದಳು. ಧಡ್. ಮತ್ತೆ ಹೆದರಿದಳು, ಮತ್ತೆ ಒತ್ತಿದಳು. ಮೊದಲಿನ ಆಕಳಿಕೆಯೂ ಇಲ್ಲ, ಆ ವೇಗವೂ ಇಲ್ಲ. ಒಂದು ಹಕ್ಕಿಯ ಒಂದು ಪುಕ್ಕವೂ ಹೋಗಲಿಲ್ಲ.

ವ್ಯಾನ್ ಬಂದು ಹಾರ್ನ್ ಹೊಡೆಯಿತು. ಹಾರ್ನ್ ಹೊಡೆದು ಹೊಡೆದು ಅದರ ಗಂಟಲೇ ಕಟ್ಟಿತು. ಯಜಮಾನರು ಬಂದರು, ಗೆರೆಯ ಆಚೆ ಕಂಬದಂತೆ ನಿಂತವನನ್ನೂ ಈಚೆ ಹೆದರಿಕೊಂಡೇ ಕತ್ತರಿಸುತ್ತಿದ್ದವಳನ್ನೂ ನೋಡಿದರು. ಗಾಜಿನ ಕೋಣೆಯಲ್ಲಿ ಕೆಲಸ ಇಲ್ಲವೇ ಎಂದು ಅವನನ್ನು ಕೇಳಲು ಹೊರಟವರು, ಪೇರಿಸಿಟ್ಟ ಪುಸ್ತಕದ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಬಾಗಿಲ ಕಡೆಗೆ ತಿರುಗಿದರು. ವ್ಯಾನಿನವನಿಗೆ ಟೀ ಕೊಡಿಸಿ ಕಾಯಲು ಹೇಳಿದರು. ಪಕ್ಕದ ಬೀದಿಗೆ ಫೋನ್ ಮಾಡಿ, ಕಟಿಂಗ್ ನಮ್ಮಲ್ಲೇ ಆಗುತ್ತದೆ, ಯಾವಾಗಲೂ ಆಗುತ್ತಿತ್ತು ಎಂದು ಹೇಳಿದ್ದು ಹಾಲಿನ ತುದಿಯ ತನಕ ಕೇಳಿಸಿತು.

ಕೊನೆಯ ಕಂತೆ ಹೋದ ಮೇಲೆ ಅವಳು ಪಟ್ಟಿ ಇಳಿಸಿ, ಕೀ ತಿರುಗಿಸಿ ತೆಗೆದುಕೊಂಡಳು. ಅವನು ಇನ್ನೂ ಅಲ್ಲೇ ನಿಂತಿದ್ದ. ಕಾಲು ಜೋಮು ಹಿಡಿದು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದ. ಅವಳು ತಾನೇ ಗೆರೆ ದಾಟಿ ಅವನ ಕಡೆಗೆ ಹೋದಳು.

ಅವನು ಏನೋ ಹೇಳಲು ಬಾಯಿ ತೆರೆದು ಮುಚ್ಚಿದ. ಮತ್ತೆ ತೆರೆದ.

"ನಿಮ್ಮನ್ನ ಒಂದು ಮಾತು ಕೇಳಬೇಕು. ಕೇಳೋಕೆ ಭಯ."

"ಕೇಳದೆ ಇರೋಕೆ?"

"ಅದಕ್ಕಿಂತ ಜಾಸ್ತಿ ಭಯ."

"ಹಾಗಾದ್ರೆ ಕಮ್ಮಿ ಭಯದ್ದನ್ನ ಮೊದಲು ಮುಗಿಸಿ."

ಅವನು ಕೇಳಿದ. ಎಷ್ಟು ಮೆಲ್ಲಗೆ ಕೇಳಿದನೆಂದರೆ ಪಕ್ಕದಲ್ಲಿದ್ದ ಗಾಳಿಗೂ 'ಮದುವೆ' ಎಂಬ ಒಂದು ಪದದ ಹೊರತು ಏನೂ ಸಿಗಲಿಲ್ಲ. ಅವಳಿಗೆ ಪೂರ್ತಿ ಸಿಕ್ಕಿತು. ಎದೆ ಬೇರಿಂಗ್ ಕಳಚಿದಂತೆ ಬಡಿಯಿತು, ಅಂಗೈ ಬೆವರಿತು, ಗಂಟಲು ಒಣಗಿತು. ಈಗ ಅದು ಯಾವ ಭಯವೆಂದು ಗೊತ್ತಿದ್ದರಿಂದ, ಹಾಗೆಯೇ ಇರಲಿ ಎಂದು ಬಿಟ್ಟಳು.

"ನನಗೂ ಭಯಾನೇ. ಆಗಲಿ."

ಅವನ ಮುಖ ಅರಳಿತು. ಅರಳಿದ್ದು ಅರ್ಧಕ್ಕೇ ನಿಂತಿತು. ಹಾಲಿನ ಆ ತುದಿಯಲ್ಲಿ ಚಿಕ್ಕಮ್ಮ ನೂಲನ್ನು ಹಲ್ಲಿನಿಂದ ಕಡಿದು ಉಗಿದದ್ದು ಅವನಿಗೆ ಕಂಡಿತ್ತು. ಬ್ಲೇಡಿನ ಕೆಳಗೆ ಕೈಯಿಟ್ಟು ಬಂದ ಧೀರನ ಬಣ್ಣ ಅಲ್ಲೇ ಇಳಿಯಿತು. ನಾಳೆ ಮಾತಾಡಬಹುದೇ, ಇಲ್ಲ ಮುಂದಿನ ವಾರ, ಅಥವಾ ಅವರ ಮನಸ್ಸು ಚೆನ್ನಾಗಿರುವ ಯಾವುದಾದರೂ ವರ್ಷ ಎಂದು ಕೇಳಿನೋಡಿದ. ಅವಳು ಅವನ ಶರ್ಟಿನ ತೋಳು ಹಿಡಿದು ಹೊರಟಾಗಿತ್ತು.

ಹಾಲ್ ಅಷ್ಟು ಉದ್ದವಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಮಡಿಸುವ ಮೆಷಿನ್ ದಾಟಿದರು, ಗಮ್ ಮೆಷಿನ್ ದಾಟಿದರು, ಪ್ಯಾಕಿಂಗ್ ಮೇಜು ದಾಟಿದರು. ಎಲ್ಲರ ಕೈಗಳೂ ಒಂದೊಂದಾಗಿ ನಿಂತವು. ಹೊಲಿಗೆ ಮೇಜಿನ ಮುಂದೆ ಇಬ್ಬರೂ ತಪ್ಪು ಮಾಡಿದ ಮಕ್ಕಳಂತೆ ನಿಂತರು. ಚಿಕ್ಕಮ್ಮ ತಲೆಯೆತ್ತಲಿಲ್ಲ. ಸೂಜಿ ಒಂದು ಸಲ ಒಳಗೆ ಹೋಗಿ ಹೊರಗೆ ಬಂತು.

"ಕೂತ್ಕೊಳಪ್ಪ. ನಿಂತವರ ಹತ್ರ ಮಾತಾಡಿದ್ರೆ ನನಗೆ ಕುತ್ತಿಗೆ ನೋಯುತ್ತೆ."

ಕುರ್ಚಿ ಇರಲಿಲ್ಲ. ಅವನು ಸುತ್ತಮುತ್ತ ನೋಡಿ, ಬಿಚ್ಚದೆ ಬಿದ್ದಿದ್ದ ಕಾಗದದ ಕಟ್ಟೊಂದನ್ನು ಎಳೆದುಕೊಂಡು ತುದಿಯಲ್ಲಿ ಕೂತ. ಆ ಕಟ್ಟಿನ ಮೇಲೆ ಇಬ್ಬರಿಗೆ ಜಾಗವಿರಲಿಲ್ಲ. ಅವಳೂ ಕೂತಳು.